ಹ್ಯಾರನ್‌ಹಾಲ್ ಖಾಲಿ ಇದೆ, ಬೇಕೇ?

ಜಾರ್ಜ್ ಆರ್. ಆರ್. ಮಾರ್ಟಿನ್ ಕಾದಂಬರಿಗಳ ವೆಸ್ಟೆರೋಸ್‌ನಲ್ಲಿ ಸಿಂಹಾಸನ ಏರಿದವನಿಗೆ ಒಂದು ದೊಡ್ಡ ಅನುಕೂಲವಿದೆ. ಯಾರದೋ ಋಣ ತೀರಿಸಬೇಕು, ಆದರೆ ಬೊಕ್ಕಸದಿಂದ ಬಿಡಿಗಾಸೂ ಬಿಚ್ಚಬಾರದು ಎಂದಾಗ ಹ್ಯಾರನ್‌ಹಾಲ್ ಕೋಟೆಯನ್ನು ಬರೆದುಕೊಟ್ಟರಾಯಿತು. ಪಡೆದವನು ಹಿಗ್ಗಿ ಹೀರೇಕಾಯಾಗುತ್ತಾನೆ, ಬಾವುಟ ಹೊಲಿಸುತ್ತಾನೆ, ಕೆಲವು ತಲೆಮಾರುಗಳಲ್ಲಿ ವಂಶಸಮೇತ ಇಲ್ಲವಾಗುತ್ತಾನೆ. ಕೋಟೆ ಮರಳಿ ಅರಮನೆಯ ಲೆಕ್ಕಕ್ಕೆ. ಇಷ್ಟು ಸಲ ದಾನ ಕೊಟ್ಟರೂ ಕೈಬಿಟ್ಟು ಹೋಗದ ಆಸ್ತಿ ಆ ರಾಜ್ಯದಲ್ಲಿ ಇನ್ನೊಂದಿಲ್ಲ.

ಕಟ್ಟಿಸಿದವನು ದ್ವೀಪಗಳಿಗೂ ನದೀಸೀಮೆಗೂ ರಾಜನಾಗಿದ್ದ ಹ್ಯಾರನ್ ಹೋರ್. ಜನ ಇಟ್ಟ ಹೆಸರು ಕರಿ ಹ್ಯಾರನ್. ಗಾಡ್ಸ್ ಐ ಸರೋವರದ ಉತ್ತರ ದಡದಲ್ಲಿ ಕಾಮಗಾರಿ 40 ವರ್ಷ ನಡೆಯಿತು. ತೊಲೆ-ಜಂತಿಗೆಂದು ಮೂರು ಸಾವಿರ ವರ್ಷ ಬಾಳಿದ ವೀರ್‌ವುಡ್ ದೇವವೃಕ್ಷಗಳನ್ನು ಉರುಳಿಸಿದರು. ಕಲ್ಲು ಹೊತ್ತ ಸೆರೆಯಾಳುಗಳು ಸಾವಿರಗಟ್ಟಲೆ ಸತ್ತರು. ಗಾರೆಗೆ ನರರಕ್ತ ಕಲಸಿದರೆಂದೂ ಜನ ಆಡಿಕೊಳ್ಳುತ್ತಾರೆ. ಸದ್ಯ, ಗಾರೆಗೆ ಏನಾದರೂ ಕಲಸಿದ್ದರಲ್ಲ! ನದೀಸೀಮೆಯ ಪ್ರಜೆಗಳ ಕಣಜ ಬರಿದಾಗುತ್ತ ಹೋದಂತೆ ಗೋಡೆ ಏಳುತ್ತ ಹೋಯಿತು.

ರಕ್ಷಣಾ ವ್ಯವಸ್ಥೆಯಲ್ಲಿ ದೋಷ ಹುಡುಕುವುದು ಸುಲಭವಲ್ಲ. ಗೋಡೆಗಳು ಬೆಟ್ಟದ ಬಂಡೆಯಂತೆ ಕಡಿದಾಗಿವೆ. ಅವುಗಳ ಮೇಲೆ ಸಾಲಾಗಿ ನಿಲ್ಲಿಸಿದ ಬಾಣಯಂತ್ರಗಳು ಕೆಳಗೆ ನಿಂತವನ ಕಣ್ಣಿಗೆ ಆಟಿಕೆಗಳು. ಐದು ಮಹಾಗೋಪುರಗಳಿವೆ. ಕುದುರೆಲಾಯದಲ್ಲಿ ಸಾವಿರ ಕುದುರೆ ಕಟ್ಟಬಹುದು, ದೇವವನವೇ 20 ಎಕರೆ. ಉತ್ತರದ ದೊರೆಗಳ ವಿಂಟರ್‌ಫೆಲ್ ಕೋಟೆಯ ಮೂರು ಪಟ್ಟು ಜಾಗವನ್ನು ಇದು ನುಂಗಿದೆ. ಅಲ್ಲಿಯ ಮಹಾಸಭಾಂಗಣ ಎಷ್ಟಿದೆಯೋ ಇಲ್ಲಿಯ ಅಡುಗೆಮನೆಯೇ ಅಷ್ಟಿದೆ. ಹ್ಯಾರನ್ ಎಲ್ಲ ದಿಕ್ಕಿಗೂ ಗೋಡೆ ಹಾಕಿಸಿದ್ದ. ಮೇಲೆ ನೋಡುವುದೊಂದು ಬಾಕಿಯಿತ್ತು.

ಗೃಹಪ್ರವೇಶದ ದಿನವೇ, ವೆಸ್ಟೆರೋಸ್ ಗೆಲ್ಲಲು ಹೊರಟ ಏಗಾನ್ ಟಾರ್ಗೇರಿಯನ್ ಬ್ಲ್ಯಾಕ್‌ವಾಟರ್ ನದಿಯ ಮುಖದಲ್ಲಿ ಬಂದಿಳಿದ. ಜೊತೆಯಲ್ಲಿ ಬಲೇರಿಯನ್ ಎಂಬ ಡ್ರ್ಯಾಗನ್. ಶರಣಾದರೆ ಜೀವ ಉಳಿಯುತ್ತದೆ ಎಂಬ ಮಾತು ಬಂದಾಗ, ಕಲ್ಲಿಗೆ ಬೆಂಕಿ ಹತ್ತುವುದಿಲ್ಲವೆಂಬ ಲೆಕ್ಕ ಹಾಕಿ ಹ್ಯಾರನ್ ಬಾಗಿಲು ಜಡಿದುಕೊಂಡ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಪೆದ್ದರುಂಟು. ಈತ ಮುಂಚೆಯೇ ಹಾಕಿದ್ದ, ಎಲ್ಲ ಅಗಳಿಗಳೂ ಭದ್ರವಾಗಿದ್ದವು. ಆ ರಾತ್ರಿ ಏಗಾನ್ ಡ್ರ್ಯಾಗನ್ ಏರಿ ಗೋಡೆಯನ್ನು ಮುಟ್ಟದೆಯೇ ದಾಟಿದ. ಗೋಪುರದ ಕಲ್ಲು ಕರಗಿ ಇಳಿಯಿತು. ಹ್ಯಾರನ್ ಮತ್ತು ಅವನ ಗಂಡುಮಕ್ಕಳು ಒಳಗೇ ಬೆಂದರು.

ಡ್ರ್ಯಾಗನ್ ಬರುತ್ತದೆಂದು ಅವನಿಗೇನು ಕನಸು ಬಿದ್ದಿತ್ತೇ ಎಂದು ಹ್ಯಾರನ್ ಪರ ವಕಾಲತ್ತು ವಹಿಸುವವರಿದ್ದಾರೆ. ಒಪ್ಪೋಣ. ಆದರೆ ಆ ಹೊತ್ತಿಗೆ ಅವನ ಸಾಮಂತರೆಲ್ಲಿದ್ದರು? ಎಡ್ಮಿನ್ ಟಲ್ಲಿಯನ್ನು ಮುಂದಿಟ್ಟುಕೊಂಡು ನದೀಸೀಮೆಯ ದೊರೆಗಳು ಏಗಾನ್ ಪಾಳೆಯದಲ್ಲಿ ನಿಂತಿದ್ದರು. 40 ವರ್ಷ ತಮ್ಮನ್ನು ಹಿಂಡಿ ಕಟ್ಟಿದ ಗೋಡೆ ಹೊತ್ತಿ ಉರಿಯುವುದನ್ನು ಹೊರಗಿನಿಂದ ನೋಡುವ ಭಾಗ್ಯ ಅವರದಾಯಿತು. ತೆರಿಗೆ ಕೊಟ್ಟವರಿಗೆ ಆ ಕಾಮಗಾರಿಯಿಂದ ದಕ್ಕಿದ ಏಕೈಕ ಪ್ರಯೋಜನ ಇದು.

ಮುಂದಿನ ಚರಿತ್ರೆಯೆಂದರೆ ಹಂಚಿಕೆಯ ಚರಿತ್ರೆ. ಮೊದಲು ಕೋಹೆರಿಸ್ ಮನೆತನ, ಆಮೇಲೆ ಹ್ಯಾರೋವೇ. ಆ ಹ್ಯಾರೋವೇಗಳನ್ನು ಬೇರುಸಹಿತ ಕಿತ್ತ ಕ್ರೂರಿ ಮೇಗೋರ್ ರಾಜನಿಗೆ ಪಾರದರ್ಶಕತೆಯ ಹುಚ್ಚು ಹಿಡಿಯಿತು. 23 ಯೋಧರು ಪರಸ್ಪರ ಕಡಿದಾಡಲಿ, ಉಳಿದವನಿಗೆ ಕೋಟೆ ಎಂದ. ವಾಲ್ಟನ್ ಟವರ್ಸ್ ಗೆದ್ದ; ಗೆಲ್ಲುವಾಗ ಆದ ಗಾಯಗಳಿಂದ ಕೆಲವೇ ದಿನಗಳಲ್ಲಿ ಸತ್ತ. ಅಷ್ಟು ಶುದ್ಧವಾದ ಹರಾಜು ವೆಸ್ಟೆರೋಸ್‌ನಲ್ಲಿ ಮತ್ತೆ ನಡೆದಿಲ್ಲ. ನಂತರದ ಸ್ಟ್ರಾಂಗ್ ಮನೆತನದಲ್ಲಿ ಅಪ್ಪ-ಮಗ ಇಬ್ಬರೂ ಅದೇ ಕೋಟೆಯಲ್ಲಿ ಬೆಂಕಿಗೆ ಆಹುತಿ. ಕಲ್ಲು ಉರಿಯುವುದಿಲ್ಲ, ನಿಜ. ಮಾಲೀಕರ ವಿಷಯದಲ್ಲಿ ಹ್ಯಾರನ್ ಏನೂ ಹೇಳಿರಲಿಲ್ಲ. ಲಾಥ್‌ಸ್ಟನ್‌ಗಳು ಬಂದು ಹೋದರು. ಆಮೇಲೆ ಬಂದ ವೆಂಟ್ ಮನೆತನದವರು ಐದರಲ್ಲಿ ಎರಡು ಗೋಪುರಗಳ ಕೆಳಗಿನ ಮೂರನೇ ಒಂದು ಭಾಗವನ್ನಷ್ಟೇ ಬಳಸಿ, ಉಳಿದದ್ದನ್ನು ಬಾವಲಿಗಳಿಗೆ ಬಿಟ್ಟುಕೊಟ್ಟರು. ಇದನ್ನೆಲ್ಲ ಜನ ಶಾಪ ಎನ್ನುತ್ತಾರೆ. ನನಗೆ ಇದು ನಿರ್ವಹಣಾ ವೆಚ್ಚ ಅನ್ನಿಸುತ್ತದೆ. ಅಷ್ಟುದ್ದದ ಗೋಡೆಗೆ ಕಾವಲು ಹಾಕಲು ಒಂದು ಸೈನ್ಯ ಬೇಕು, ಆ ಸೈನ್ಯಕ್ಕೆ ಅನ್ನ ಹಾಕಲು ಒಂದು ರಾಜ್ಯ ಬೇಕು. ರಾಜ್ಯವೇ ಇದ್ದವನಿಗೆ ಈ ಕೊಂಪೆ ಏಕೆ?

ಗೋಡೆಯನ್ನು ಹತ್ತಿ ಗೆದ್ದವರ ಕಥೆಯೇನೂ ಸಿಗುವುದಿಲ್ಲ, ಅದರ ಅಗತ್ಯವೂ ಬೀಳಲಿಲ್ಲ. 1998ರಲ್ಲಿ ಬಂದ ‘ಎ ಕ್ಲಾಷ್ ಆಫ್ ಕಿಂಗ್ಸ್’ ಕಾದಂಬರಿಯಲ್ಲಿ ಈ ಮಹಾದುರ್ಗ ಬೀಳುವುದು ಸಾರಿನಿಂದ. ಹೌದು, ಕುದಿಯುವ ಸಾರು. ಪಾತ್ರೆ-ಪಗಡೆ ತಿಕ್ಕುವ, ನೀರು ಹೊರುವ ಹುಡುಗಿಯ ವೇಷದಲ್ಲಿದ್ದ ವಿಂಟರ್‌ಫೆಲ್ ದೊರೆಮಗಳು ಅರ್ಯಾ ಮೂವರನ್ನು ಜೊತೆ ಮಾಡಿಕೊಂಡು ಸೆರೆಮನೆಯ ಕಾವಲುಗಾರರ ಮೇಲೆ ಸುಡುಸುಡುವ ಹಂಡೆಗಳನ್ನು ಸುರಿಸುತ್ತಾಳೆ, ಕೈದಿಗಳು ಹೊರಬರುತ್ತಾರೆ, ಬೆಳಗಾಗುವುದರೊಳಗೆ ಬಾವುಟ ಬದಲು. ಅಡುಗೆಮನೆಯನ್ನು ಅಷ್ಟು ದೊಡ್ಡದಾಗಿ ಕಟ್ಟಿಸಿದ್ದಕ್ಕೂ ಒಂದು ಉಪಯೋಗ ಕಂಡಿತಲ್ಲ. ಕೋಟೆ ಕಾಯುತ್ತಿದ್ದ ಏಮೊರಿ ಲಾರ್ಚ್ ಕರಡಿಯ ಪಾಲಾದ.

ಅದೇ ಅರ್ಯಾ ಅಲ್ಲಿಯ ‘ನೂರು ಒಲೆಗಳ ಸಭಾಂಗಣ’ದಲ್ಲಿ ಒಲೆಗಳನ್ನು ಎಣಿಸಿ ನೋಡಿದ್ದಳು. ಒಮ್ಮೆ 33 ಸಿಕ್ಕವು, ಇನ್ನೊಮ್ಮೆ 35. ಬಿಲ್ ಮಾತ್ರ ನೂರಕ್ಕೇ ಪಾಸಾಗಿರಬೇಕು.

ಮತ್ತೆ ಹಂಚಿಕೆಯ ಕಥೆಗೆ ಬರೋಣ. ಕಸಾಯಿಯವನ ಮಗ, ರಾಜಧಾನಿಯ ಕಾವಲುಪಡೆಯ ದಂಡನಾಯಕ ಜಾನೋಸ್ ಸ್ಲಿಂಟ್, ಒಳಸಂಚಿಗೆ ಕೈಜೋಡಿಸಿದ ಬಹುಮಾನವಾಗಿ ಇದೇ ಕೋಟೆಯನ್ನು ಪಡೆದ. ಒಳಗೆ ಕಾಲಿಡುವ ಮೊದಲೇ ಅವನನ್ನು ಉತ್ತರದ ಹಿಮಗೋಡೆಗೆ ಅಟ್ಟಿದರು. ನಂತರದ ಸರದಿ ಪೀಟರ್ ಬೇಲಿಷ್‌ನದು. ಇಡೀ ವಂಶಾವಳಿಯಲ್ಲಿ ತಲೆ ನೆಟ್ಟಗಿದ್ದವನು ಇವನೊಬ್ಬ. ಪತ್ರಕ್ಕೆ ಕೈಚಾಚಿದ, ನದೀಸೀಮೆಯ ಒಡೆತನದ ಬಿರುದನ್ನೂ ಸೇರಿಸಿಕೊಂಡ, ಆ ಅಂತಸ್ತು ತೋರಿಸಿ ಶ್ರೀಮಂತ ವಿಧವೆ ಲೈಸಾ ಆರಿನ್‌ಳನ್ನು ಮದುವೆಯಾಗಿ ಅವಳ ಬೆಟ್ಟದ ಕೋಟೆಯಲ್ಲಿ ಬೆಚ್ಚಗೆ ಕೂತ. ಹ್ಯಾರನ್‌ಹಾಲ್‌ನಲ್ಲಿ ಒಂದು ದಿನವೂ ಸಂಸಾರ ಹೂಡಲಿಲ್ಲ.

ಒಡೆಯ ಬರಲಿಲ್ಲವೆಂದು ಕಾವಲು ಬಿಡಲಾದೀತೇ? ರಾಜನ ಕಡೆಯ ಜೇಮಿ ಲ್ಯಾನಿಸ್ಟರ್ ಈಚೆಗೆ ಬೋನಿಫರ್ ಹೇಸ್ಟಿ ಎಂಬ ದೈವಭಕ್ತನನ್ನು ಅಲ್ಲಿ ಕೂರಿಸಿದ್ದಾನೆ. ಮೂರೂ ಹೊತ್ತು ಪ್ರಾರ್ಥನೆ ಮಾಡುವವರು ದೆವ್ವಕ್ಕೆ ಹೆದರುವುದಿಲ್ಲವೆಂಬ ಲೆಕ್ಕವಿದ್ದೀತು. ಅವನ ಪಡೆಯ ಹೆಸರು ‘ಪವಿತ್ರ ನೂರ್ವರು’. ಹಾಜರಿ ಕರೆದರೆ 86 ಜನ.