ಚಾಂಪಿಯನ್ ರೀಫ್‌ನಲ್ಲಿ ಹವಳದ ಬೇಸಾಯ

ಹವಳ ಕಲ್ಲಲ್ಲ, ಗಿಡವಲ್ಲ, ಪ್ರಾಣಿ. ನವರತ್ನಗಳ ಸಾಲಿನಲ್ಲಿ ಮಾಣಿಕ್ಯದ ಪಕ್ಕ ಕೂತಿರುವುದರಿಂದ ಅದನ್ನೂ ನೆಲ ಅಗೆದೇ ತೆಗೆಯಬೇಕು ಎಂದುಕೊಂಡವರುಂಟು. ಕೆಜಿಎಫ್‌ನಲ್ಲಿ, ಅಂದರೆ ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ, ಹಾಗೆ ಅಂದುಕೊಳ್ಳುವುದು ಅಪರಾಧವೇನಲ್ಲ. ಅಲ್ಲಿ ಬೆಲೆಬಾಳುವುದೆಲ್ಲ ಸಿಕ್ಕಿದ್ದು ಅಗೆದ ಮೇಲೆಯೇ. ನಿಜದಲ್ಲಿ ಹವಳವೆಂದರೆ ಪಾಲಿಪ್ ಎಂಬ ಮೆದು ಜೀವಿಗಳ ವಠಾರ. ಒಂದೊಂದು ಪಾಲಿಪ್ ಬಹುಪಾಲು ಜಾತಿಗಳಲ್ಲಿ ಕೆಲವೇ ಮಿಲಿಮೀಟರ್ ಗಾತ್ರದ್ದು. ಅದಕ್ಕಿರುವುದು ಒಂದೇ ಬಾಗಿಲು. ಊಟ ಒಳಗೆ ಹೋಗುವುದೂ ಕಸ ಹೊರಗೆ ಬರುವುದೂ ಅಲ್ಲಿಂದಲೇ. ಕೂತಲ್ಲೇ ಸುಣ್ಣದ ಮನೆ ಕಟ್ಟಿಕೊಂಡು, ಮೈಯೊಳಗೆ ಒಂದು ಬಗೆಯ ಪಾಚಿಯನ್ನು ಬಾಡಿಗೆಗೆ ಇಟ್ಟುಕೊಳ್ಳುತ್ತದೆ. ಪಾಚಿ ಬೆಳಕಿನಲ್ಲಿ ಅಡುಗೆ ಮಾಡಿ ಮಾಲೀಕನಿಗೆ ಪಾಲು ಕೊಡುತ್ತದೆ. ನೀರು ಒಂದೆರಡು ಡಿಗ್ರಿ ಹೆಚ್ಚು ಬಿಸಿಯಾಗಿ ವಾರಗಟ್ಟಲೆ ಹಾಗೇ ನಿಂತರೆ ಮಾಲೀಕ ಬಾಡಿಗೆದಾರನನ್ನು ಹೊರಹಾಕುತ್ತಾನೆ, ಬಿಳಿಚಿಕೊಳ್ಳುತ್ತಾನೆ, ಕೊನೆಗೆ ಹಸಿವಿನಿಂದ ಸಾಯುತ್ತಾನೆ. ಅಡ್ವಾನ್ಸ್ ಹಿಂತಿರುಗಿಸುವ ಪ್ರಶ್ನೆ ಬರುವುದಿಲ್ಲ.

ಈ ಪ್ರಾಣಿಯನ್ನು ಬೆಳೆಸಿ, ತುಂಡರಿಸಿ, ಅಕ್ವೇರಿಯಂ ಶೋಕಿಯವರಿಗೆ ಮಾರುವುದು ಇಂಡೊನೇಷ್ಯಾದಲ್ಲಿ ಕಡಲೊಳಗಿನ ಕಸುಬು. ಅಮೆರಿಕದಲ್ಲಿ ಕಾರು ಶೆಡ್ಡಿನ ಉದ್ಯಮ. ಕೆಜಿಎಫ್–ಬಂಗಾರಪೇಟೆ ಕಡೆ ಇದನ್ನು ಹೊಸದಾಗಿ ಆರಂಭಿಸುವವರಿಗೆ ಅನುಕೂಲಗಳನ್ನು ಮೊದಲು ಹೇಳಬೇಕು, ಏಕೆಂದರೆ ಅವು ಬೇಗ ಮುಗಿಯುತ್ತವೆ. ಮೊದಲ ಅನುಕೂಲ ಹೆಸರು. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ 16 ಕಿ.ಮೀ. ಕವಲು ರೈಲುದಾರಿಯಲ್ಲಿ ಕೋರಮಂಡಲ್, ಊರಿಗಾಂ, ಚಾಂಪಿಯನ್ ನಿಲ್ದಾಣಗಳು ಸಿಗುತ್ತವೆ. ಕೋರಮಂಡಲ್ ಎಂಬುದು ಪೂರ್ವ ಕರಾವಳಿಯ ಹೆಸರು. ಚಾಂಪಿಯನ್ ಎಂದರೆ ಚಾಂಪಿಯನ್ ರೀಫ್. ರೀಫ್ ಎಂದರೆ ನಾವಿಕರಿಗೆ ಹವಳದ ದಿಬ್ಬ, ಗಣಿಯವರಿಗೆ ಚಿನ್ನ ಹೊತ್ತ ಬೆಣಚುಕಲ್ಲಿನ ಪಟ್ಟಿ. ಹೀಗೆ ಕರಾವಳಿಯನ್ನೂ ರೀಫನ್ನೂ ಒಂದೇ ಲೋಕಲ್ ರೈಲಿನ ದಾರಿಯಲ್ಲಿ ಇಟ್ಟುಕೊಂಡಿರುವ ಊರಿಗೆ ಕೊರತೆಯಾಗಿರುವುದು ನಡುವಿನ ನೀರು ಮಾತ್ರ. ನಿಜವಾದ ಕಡಲಿರುವುದು ಚೆನ್ನೈನಲ್ಲಿ, ಬಂಗಾರಪೇಟೆಯಿಂದ ರೈಲಿನಲ್ಲಿ ಸುಮಾರು 290 ಕಿ.ಮೀ. ದೂರಕ್ಕೆ. ಊರಿನಲ್ಲಿ ಸಮುದ್ರ ಕಾಣಿಸಿಕೊಳ್ಳುವುದು ನಿಲ್ದಾಣದ ಹಳದಿ ಹಲಗೆಯ ಮೇಲೆ; ಅಲ್ಲಿಯೂ ಅದು 800 ಮೀಟರ್‌ಗಿಂತ ಹೆಚ್ಚು ಕೆಳಗಿದೆ ಎಂದು ತಿಳಿಸುವುದಕ್ಕಾಗಿ.

ಹಾಗೆಂದು ಇಲ್ಲಿ ಕಡಲು ಇರಲೇ ಇಲ್ಲ ಎನ್ನುವಂತಿಲ್ಲ. ಕೆಜಿಎಫ್ ಸೀಮೆಯ ಪೆದ್ದಪಲ್ಲಿಯಲ್ಲಿ ದಿಂಬಿನಾಕಾರದ ಲಾವಾ ಬಂಡೆಗಳಿವೆ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಕಾದ ಲಾವಾ ನೀರಿನಡಿಯಲ್ಲಿ ಉಕ್ಕಿ ತಟಕ್ಕನೆ ತಣಿದಾಗ ಆ ದಿಂಬುಗಳಾಗುತ್ತವೆ. ಇಲ್ಲಿನ ಶಿಲಾಪಟ್ಟಿಗೆ ಸುಮಾರು 270 ಕೋಟಿ ವರ್ಷ ವಯಸ್ಸು. ಈಗಿನ ಕಲ್ಲುಹವಳಗಳ ವಂಶ ತಲೆಯೆತ್ತಿದ್ದು ಸುಮಾರು 24 ಕೋಟಿ ವರ್ಷಗಳ ಹಿಂದೆ. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂಬ ಗಾದೆಯಲ್ಲಿ ಕಡಲೆಯ ಬದಲು ಕಡಲು ಎಂದು ಓದಿಕೊಂಡರೆ ಕೋಲಾರದ ಹವಳದ ಇತಿಹಾಸ ಮುಗಿಯುತ್ತದೆ.

ಬರಿಗೈಯಲ್ಲಿ ಉದ್ಯಮ ಕಟ್ಟುವುದಕ್ಕೆ ಇಲ್ಲಿ ಮೇಲ್ಪಂಕ್ತಿ ಉಂಟು. ನ್ಯೂಜಿಲೆಂಡಿನ ಯುದ್ಧ ಮುಗಿಸಿ ಬೆಂಗಳೂರಿಗೆ ಬಂದಿದ್ದ ಮೈಕಲ್ ಲವೆಲ್ ಎಂಬ ನಿವೃತ್ತ ಸೈನಿಕ 1875ರಲ್ಲಿ ಮೈಸೂರು ಸರ್ಕಾರದಿಂದ ಕೋಲಾರದಲ್ಲಿ ಗಣಿ ಅಗೆಯಲು ಪರವಾನಗಿ ಪಡೆದ. ಅಗೆತ ಕೈಯ ಹಣ ತಿಂದಿತು. ಎರಡು ವರ್ಷದಲ್ಲಿ ಹಕ್ಕು ಬೇರೆಯವರ ಪಾಲಾಯಿತು. 1880ರಲ್ಲಿ ಬಂದ ಜಾನ್ ಟೇಲರ್ ಕಂಪನಿ ಚಿನ್ನ ತೆಗೆಯಿತು; ಲವೆಲ್‌ಗೆ ಬೆಂಗಳೂರಿನಲ್ಲಿ ಒಂದು ರಸ್ತೆಯ ಹೆಸರು ಉಳಿಯಿತು. ಮೊದಲು ಅಗೆದವನಿಗೆ ರಸ್ತೆ, ಆಮೇಲೆ ಬಂದವನಿಗೆ ಚಿನ್ನ ಎಂಬ ಈ ನಿಯಮವನ್ನು ಹವಳದ ಉದ್ಯಮಿ ಗೋಡೆಗೆ ಬರೆದು ಹಾಕಿಕೊಳ್ಳುವುದು ಒಳ್ಳೆಯದು.

ಬೇಸಾಯಕ್ಕೆ ಬೇಕಾದ ಭೂಮಿ ಅಲ್ಪ. ಆರು ಅಡಿ ಉದ್ದ, ಎರಡೂವರೆ ಅಡಿ ಅಗಲ, ಎರಡೂವರೆ ಅಡಿ ಎತ್ತರದ ಗಾಜಿನ ತೊಟ್ಟಿಯಲ್ಲಿ ಸುಮಾರು 1,000 ಲೀಟರ್ ನೀರು ಹಿಡಿಯುತ್ತದೆ; ಅಂದರೆ ಮೂಲೆಯಲ್ಲಿ ಒಂದು ಟನ್ ಭಾರ. ಹಳೆಯ ಗಣಿ ಲೈನಿನ ಮನೆಯಲ್ಲಿ ಇದನ್ನಿಟ್ಟರೆ ಮನೆಯವರು ಎಲ್ಲಿರಬೇಕೆಂಬುದನ್ನು ಮೊದಲೇ ತೀರ್ಮಾನಿಸಬೇಕು. ಭೂಮಿಗಿಂತ ದೊಡ್ಡ ಪ್ರಶ್ನೆ ನೀರು. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳಲ್ಲಿ ಸಿಗುವ ನೀರಿನಲ್ಲಿ ಗಡಸೂ ಫ್ಲೋರೈಡೂ ಇರುವುದುಂಟು. ಹವಳಕ್ಕೆ ಬೇಕಾದ್ದು ಏನೂ ಬೆರೆಯದ ನೀರು. ದಾರಿ ಒಂದೇ, ನಾಣ್ಯ ಹಾಕಿದರೆ ನೀರು ಬಿಡುವ ಶುದ್ಧ ಕುಡಿಯುವ ನೀರಿನ ಘಟಕ. 20 ಲೀಟರಿನ ಕ್ಯಾನಿನಲ್ಲಿ 50 ಸಲ ಹೊತ್ತು ತಂದರೆ ತೊಟ್ಟಿ ತುಂಬುತ್ತದೆ. ಹಿಂದೆ ಬಿಂದಿಗೆ ಹಿಡಿದು ನಿಂತವರು ಮದುವೆ ಯಾರದು ಎಂದು ಕೇಳುತ್ತಾರೆ. ಹವಳಕ್ಕೆ ಎಂದು ಉತ್ತರಿಸಿದರೆ ಮುಂದಿನ ಸಲ ಸಾಲಿನಲ್ಲಿ ಜಾಗ ಸಿಗುವುದಿಲ್ಲ.

ಇಷ್ಟು ಕಷ್ಟಪಟ್ಟು ಉಪ್ಪು ತೆಗೆಸಿದ ನೀರಿಗೆ ಮುಂದಿನ ಹಂತದಲ್ಲಿ ಉಪ್ಪು ಹಾಕಬೇಕು. ಲೀಟರಿಗೆ ಸುಮಾರು 35 ಗ್ರಾಂ, ತೊಟ್ಟಿಗೆ 35 ಕಿಲೊ. ಅಡುಗೆ ಉಪ್ಪು ಸಾಲದು. ಕ್ಯಾಲ್ಸಿಯಂ, ಮೆಗ್ನೀಸಿಯಂ ಮೊದಲಾದವು ಅಳತೆಯಲ್ಲಿ ಬೆರೆತ ಪುಡಿಯೇ ಆಗಬೇಕು. ಕಡಲ ನೀರಿನಲ್ಲಿರುವ ಉಪ್ಪು ಕಣ್ಣೀರಿನ ಉಪ್ಪಿನ ಸುಮಾರು ನಾಲ್ಕು ಪಟ್ಟು. ಆದ್ದರಿಂದ ಉದ್ಯಮಿಯ ಬಳಿ ಮುಂದೆ ಹೇರಳವಾಗಿ ಸಿಗಲಿರುವ ಆ ದ್ರವವೂ ಉಪಯೋಗಕ್ಕೆ ಬರುವುದಿಲ್ಲ.

ವಿದ್ಯುತ್ತಿನ ವಿಷಯದಲ್ಲಿ ಊರಿನ ಹಿರಿಮೆ ದೊಡ್ಡದು. 1902ರಲ್ಲಿ ಸುಮಾರು 147 ಕಿ.ಮೀ. ತಂತಿ ಎಳೆದು ಶಿವನಸಮುದ್ರದಿಂದ ಗಣಿಗೆ ವಿದ್ಯುತ್ ತರಲಾಯಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಆಮೇಲೆ, 1905ರಲ್ಲಿ. ಇಲ್ಲಿಯೂ ಸಮುದ್ರ ಹೆಸರಿನಲ್ಲಷ್ಟೇ ಇರುವುದನ್ನು ಗಮನಿಸಬೇಕು. ಹವಳದ ತೊಟ್ಟಿಗೆ ದಿನಕ್ಕೆ ಎಂಟು–ಹತ್ತು ತಾಸು ಬಿಸಿಲಿನಂಥ ದೀಪ ಬೇಕು, ಅಲೆ ಎಬ್ಬಿಸುವ ಪಂಪು ಹಗಲೂ ರಾತ್ರಿ ಓಡಬೇಕು, ನೀರು 24ರಿಂದ 27 ಡಿಗ್ರಿ ಸೆಲ್ಸಿಯಸ್‌ನಲ್ಲೇ ನಿಲ್ಲಬೇಕು. ಏಪ್ರಿಲ್ ಮಧ್ಯಾಹ್ನ ಕರೆಂಟು ಹೋದರೆ ಮನೆಯವರು ಬೀಸಣಿಗೆ ಹಿಡಿದು ಜಗಲಿಗೆ ಬರುತ್ತಾರೆ. ಇನ್ವರ್ಟರ್ ಹವಳದ ಕಡೆ ಇರುತ್ತದೆ.

ತೊಟ್ಟಿ ತುಂಬಿದ ಕೂಡಲೇ ಹವಳ ಬಿಡುವಂತಿಲ್ಲ. ಕೊಳೆತದಿಂದ ಹುಟ್ಟುವ ಅಮೋನಿಯಾವನ್ನು ಅರಗಿಸುವ ಬ್ಯಾಕ್ಟೀರಿಯಾ ಮನೆಮಾಡಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯ ತನಕ ದೀಪ ಹಾಕಿ, ಅಲೆ ಎಬ್ಬಿಸಿ, ಬರಿ ಉಪ್ಪುನೀರನ್ನು ನೋಡುತ್ತ ಕೂರಬೇಕು. ಬಂದ ನೆಂಟರು ಗಾಜಿಗೆ ಮೂಗು ಒತ್ತಿ, ಮೀನು ಎಲ್ಲಿ ಎಂದು ಕೇಳುತ್ತಾರೆ. ಇಂಥ ಕಾಯುವಿಕೆ ಕೆಜಿಎಫ್‌ಗೆ ಹೊಸದಲ್ಲ. 1980ರ ದಶಕದಲ್ಲಿ ಇಲ್ಲಿನ ಗಣಿಯಾಳದಲ್ಲಿ ವಿಜ್ಞಾನಿಗಳು ಕಬ್ಬಿಣದ ರಾಶಿಯ ನಡುವೆ ಉಪಕರಣ ಇಟ್ಟು, ಪ್ರೋಟಾನ್ ಎಂದಾದರೂ ಸಾಯುತ್ತದೆಯೇ ಎಂದು ವರ್ಷಗಟ್ಟಲೆ ಕಾದರು. ಅದು ತೀರಿಕೊಂಡ ಬಗ್ಗೆ ಖಚಿತ ಸುದ್ದಿ ಈವರೆಗೆ ಬಂದಿಲ್ಲ.

ನಾಟಿ ಸುಲಭ. ಹಿಪ್ಪುನೇರಳೆ ಕಡ್ಡಿ ನೆಟ್ಟು ಗೊತ್ತಿರುವ ಜಿಲ್ಲೆಗೆ ಹೇಳಿಕೊಡಬೇಕಾದ್ದೇನಿಲ್ಲ. ತಾಯಿಹವಳವನ್ನು ನೀರಿನಿಂದ ಎತ್ತಿದೊಡನೆ ಪಾಲಿಪ್‌ಗಳೆಲ್ಲ ಒಳಸರಿದು ಬಾಗಿಲು ಹಾಕಿಕೊಳ್ಳುತ್ತವೆ; ಮೈಮೇಲೆ ಲೋಳೆ ಇಳಿಯುತ್ತದೆ. ಇಕ್ಕುಳದಿಂದ ಹೆಬ್ಬೆರಳಿನ ಉಗುರಿನಷ್ಟು ಕೊಂಬೆ ಮುರಿದರೆ ಸೀಮೆಸುಣ್ಣ ಮುರಿದಂತೆ ‘ಟಕ್’ ಎನ್ನುತ್ತದೆ, ಒಳಗೆಲ್ಲ ಬಿಳಿ. ಸಣ್ಣ ಸಿಮೆಂಟ್ ಬಿಲ್ಲೆಯ ಮೇಲೆ ಫೆವಿಕ್ವಿಕ್ ಜಾತಿಯ ಅಂಟಿನ ಬೊಟ್ಟಿಟ್ಟು ತುಂಡನ್ನು ನಿಲ್ಲಿಸಿ ಮತ್ತೆ ನೀರಿಗಿಳಿಸಬೇಕು. ಚೂರಿನ ಜೊತೆ ಉದ್ಯಮಿಯ ಬೆರಳೂ ಅಂಟಿಕೊಳ್ಳುವುದು ಈ ಘಟ್ಟದಲ್ಲಿ. ಸರಿಯಾಗಿ ನಡೆದರೆ ಕೆಲವು ವಾರಗಳಲ್ಲಿ ಹವಳ ಬಿಲ್ಲೆಯ ಮೇಲೆ ಹರಡಿ ಅಂಟನ್ನು ಮುಚ್ಚಿಬಿಡುತ್ತದೆ. ಆ ಅಂಟಿನ ರಾಸಾಯನಿಕ ಹೆಸರು ಸೈಯನೋ ಎಂದು ಶುರುವಾಗುವುದರಿಂದ ಊರಿನ ಸೈನೈಡ್ ದಿಬ್ಬಗಳ ನೆನಪಾಗಬಹುದು. ಅದು ಹೆಸರಿನ ನೆಂಟಸ್ತಿಕೆಯಷ್ಟೆ. ಆದರೆ ಸೈನೈಡಿಗೂ ರೀಫಿಗೂ ನಿಜವಾದ ಹಳೆಯ ಸಂಬಂಧವೊಂದಿದೆ. ಕೆಜಿಎಫ್‌ನಲ್ಲಿ ರೀಫಿನ ಪುಡಿಯಿಂದ ಚಿನ್ನ ಬಿಡಿಸಲು ಸೈನೈಡ್ ಬಳಸಿದರು. ಫಿಲಿಪೈನ್ಸ್ ಕಡಲಲ್ಲಿ ರೀಫಿನ ಸಂದಿಯಿಂದ ಅಕ್ವೇರಿಯಂ ಮೀನು ಹಿಡಿಯಲು 1960ರ ದಶಕದಿಂದ ಅದನ್ನೇ ಚೆಲ್ಲಿದರು. ಎರಡೂ ಕಡೆ ಬೇಕಾದ್ದು ಕೈಗೆ ಬಂತು, ಬೇಡವಾದ್ದು ಊರಿಗೆ ಉಳಿಯಿತು.

ಇನ್ನು ಇಳುವರಿ. ಕವಲೊಡೆಯುವ ಹವಳ ಅನುಕೂಲವಿದ್ದರೆ ವರ್ಷಕ್ಕೆ ಹತ್ತು ಸೆಂಟಿಮೀಟರ್ ಬೆಳೆಯಬಹುದು. ಗುಂಡು ಬಂಡೆಯಂಥ ಜಾತಿಗಳು ಒಂದು ಸೆಂಟಿಮೀಟರಿಗೇ ಆಯಾಸಗೊಳ್ಳುತ್ತವೆ. ಪಕ್ಕದ ಹೊಲದ ರೇಷ್ಮೆ ಬೆಳೆಗಾರ ಇದೇ ಅವಧಿಯಲ್ಲಿ ಹಲವು ಬೆಳೆ ತೆಗೆದಿರುತ್ತಾನೆ. ಅವನ ಹುಳು ನಾಲ್ಕು ಜ್ವರ ಎದ್ದು, ಹಣ್ಣಾಗಿ, ಚಂದ್ರಿಕೆ ಹತ್ತಿ, ಒಂದು ತಿಂಗಳೊಳಗೆ ಗೂಡಾಗಿ ಮಾರುಕಟ್ಟೆ ಸೇರಿಬಿಡುತ್ತದೆ. ಹವಳಕ್ಕೆ ಜ್ವರ ಬಂದರೆ ಒಮ್ಮೆಗೇ ಮುಗಿಯುತ್ತದೆ.

ಮಾರುಕಟ್ಟೆಯಲ್ಲಿ ಒಂದು ಗೊಂದಲ ಕಾದಿದೆ. ರಾಬರ್ಟ್‌ಸನ್‌ಪೇಟೆಯ ಚಿನ್ನದಂಗಡಿಯಲ್ಲಿ ಹವಳವೆಂದರೆ ಕುಜದೋಷಕ್ಕೆ ಉಂಗುರದಲ್ಲಿ ಕೂರುವ ಕೆಂಪು ಹರಳು, ತಾಳಿಸರದಲ್ಲಿ ಕರಿಮಣಿಯ ನಡುವಿನ ಕೆಂಪು ಮಣಿ. ಹೆಸರುವಾಸಿಯಾದ ಆ ಕೆಂಪು ಹವಳ ಮೆಡಿಟರೇನಿಯನ್ ಕಡಲಿನ ಮಂದ ಬೆಳಕಿನಲ್ಲಿ ಬೆಳೆಯುವ ಬೇರೆಯೇ ಕುಲ. ಇಟಲಿಯ ನೇಪಲ್ಸ್ ಬಳಿಯ ತೊರೆ ದೆಲ್ ಗ್ರೆಕೊ ಅದನ್ನು ಕೆತ್ತುವ ಊರು. ಅದು ದಪ್ಪವಾಗುವುದು ವರ್ಷಕ್ಕೆ ಒಂದು ಮಿಲಿಮೀಟರಿಗಿಂತ ಕಡಿಮೆ. ಉಂಗುರಕ್ಕಾಗುವಷ್ಟು ಬೆಳೆಸಲು ಹೊರಟವರ ಮೊಮ್ಮಗನ ಕುಜದೋಷಕ್ಕೆ ಅದು ಒದಗಬಹುದು. ತೊಟ್ಟಿಯಲ್ಲಿ ಬೆಳೆಯುವ ಕಲ್ಲುಹವಳ ಸತ್ತ ಮೇಲೆ ಬಿಳಿ ಸುಣ್ಣ. ಅದು ಯಾವ ಗ್ರಹಕ್ಕೂ ಆಗದು, ವೀಳ್ಯಕ್ಕೂ ಸುಟ್ಟಮೇಲೇ.

ಎಲ್ಲಕ್ಕಿಂತ ಮೊದಲು ತಿಳಿಯಬೇಕಾದ ಸಂಗತಿ, ರೂಢಿಯಂತೆ, ಎಲ್ಲ ಸಾಮಾನು ಕೊಂಡ ಮೇಲೆ ತಿಳಿಯುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಗೆ 2001ರಲ್ಲಿ ಕಲ್ಲುಹವಳಗಳನ್ನೆಲ್ಲ ಸೇರಿಸಲಾಯಿತು. ಹುಲಿ ಇರುವ ಪಟ್ಟಿ ಅದೇ. ಕಾನೂನಿನ ಕಣ್ಣಿಗೆ ತೊಟ್ಟಿಯಲ್ಲಿ ಹವಳ ಸಾಕಿ ಮಾರುವುದು ಹಿತ್ತಲಿನಲ್ಲಿ ಹುಲಿ ಸಾಕಿ ಮಾರುವುದಕ್ಕೆ ಸಮ. ಶಿಕ್ಷೆ ಮೂರರಿಂದ ಏಳು ವರ್ಷ ಸೆರೆವಾಸ. ಭಾರತ್ ಗೋಲ್ಡ್ ಮೈನ್ಸ್ ಚಿನ್ನದ ಗಣಿಗಳನ್ನು ಮುಚ್ಚಿದ್ದೂ 2001ರಲ್ಲೇ, ಫೆಬ್ರವರಿ 28ರಂದು. ಒಂದೇ ವರ್ಷ ಎರಡೂ ಬಗೆಯ ರೀಫಿಗೆ ಬೀಗ ಬಿತ್ತು. ಚಿನ್ನದ ರೀಫಿನ ಬೀಗದಿಂದ ಊರಿನ ಒಲೆ ತಣ್ಣಗಾಯಿತು. ಹವಳದ ರೀಫಿಗೆ ಬಿದ್ದ ಬೀಗ ಅದರ ಜೀವ ಉಳಿಸುವುದಕ್ಕಾಗಿ.

ಭಾರತದಲ್ಲಿ ಹವಳದ ನಾಟಿ ನಡೆಯುತ್ತಿಲ್ಲವೆಂದಲ್ಲ. ತೂತುಕುಡಿಯ ಸುಗಂತಿ ದೇವದಾಸನ್ ಸಾಗರ ಸಂಶೋಧನಾ ಸಂಸ್ಥೆ 2000ದ ದಶಕದ ಆರಂಭದಿಂದ ಮನ್ನಾರ್ ಕೊಲ್ಲಿಯಲ್ಲಿ ಹವಳದ ತುಂಡುಗಳನ್ನು ಕಟ್ಟಿ ಬೆಳೆಸುತ್ತಿದೆ. ಒಂದು ಕಾಲದಲ್ಲಿ ಸುಣ್ಣಕ್ಕಾಗಿ ಹವಳವನ್ನು ಗಾಡಿಗಟ್ಟಲೆ ಅಗೆದ ಕೊಲ್ಲಿ ಅದು. ಅಲ್ಲಿ ನೆಡುವವರು ಕೊಯ್ಯುವುದಿಲ್ಲ; ಫಸಲೆಲ್ಲ ಮೀನುಗಳಿಗೆ. ಕರ್ನಾಟಕದವರಿಗೆ ಹತ್ತಿರದ ಹವಳ ಮುರುಡೇಶ್ವರದ ಆಚೆ, ನೇತ್ರಾಣಿ ದ್ವೀಪದ ಸುತ್ತ ನೀರಿನಲ್ಲಿದೆ. ಮುಳುಗಿ ನೋಡಬಹುದು, ಮುಟ್ಟುವಂತಿಲ್ಲ.

ಉಳಿದದ್ದು ತೊಟ್ಟಿ, ಉಪ್ಪು, ಕ್ಯಾನುಗಳು. ತೊಟ್ಟಿಯಲ್ಲಿ ಸಿಹಿನೀರು ತುಂಬಿ ಗಪ್ಪಿ ಮೀನು ಸಾಕಬಹುದು. ಅವು ಹೇಳಿಕೊಡದೆಯೇ ಮರಿಹಾಕುತ್ತವೆ. ಉಪ್ಪುನೀರಿನಿಂದಲೇ ಹಣ ಮಾಡುತ್ತೇನೆ ಎಂಬ ಹಟವಿದ್ದವರು ಸಂಜೆ ಬಂಗಾರಪೇಟೆಯ ಚಾಟ್ ಗಾಡಿಯ ಮುಂದೆ ನಿಲ್ಲಬೇಕು. ಇಲ್ಲಿನ ಪಾನಿಯಲ್ಲಿ ಪುದೀನದ ಹಸಿರಿಲ್ಲ, ಹುಣಸೆಯ ಕಂದಿಲ್ಲ. ಕಣ್ಣಿಗೆ ಬರಿ ತಿಳಿನೀರು. ಗಾಡಿಯವನು ಪುರಿಗೆ ಹೆಬ್ಬೆರಳಿನಿಂದ ತೂತು ಮಾಡಿ, ಅದ್ದಿ ಕೈಗಿಡುತ್ತಾನೆ. ಬಾಯೊಳಗೆ ಒಡೆದ ಮೇಲೇ ಉಪ್ಪು, ಹುಳಿ, ಖಾರ ಮೂರೂ ಒಟ್ಟಿಗೆ ತಿಳಿಯುವುದು. ಬೆಂಗಳೂರಿನ ಬಡಾವಣೆಗಳಲ್ಲೆಲ್ಲ ‘ಬಂಗಾರಪೇಟೆ ಚಾಟ್ಸ್’ ಎಂಬ ಬೋರ್ಡು ತೂಗಿಸಿದ್ದು ಈ ನೀರೇ. ಸಮುದ್ರವಿಲ್ಲದ ಊರಿನಲ್ಲಿ ಉಪ್ಪುನೀರು ಲಾಭ ತಂದ ಉದಾಹರಣೆ ಇದೊಂದೇ. ಅದಕ್ಕೆ ಅರಣ್ಯ ಇಲಾಖೆಯ ಅನುಮತಿಯೂ ಬೇಕಿಲ್ಲ.