ಸೌಂಡ್ ರಾಯರು

ಹಳೇ ಕಾರಿನ ಅಡಿಯಿಂದ ಹೊಸದೊಂದು ಸದ್ದು ಶುರುವಾದರೆ ಅದು ಮೊದಲು ಬೀಳುವುದು ಯಜಮಾನರ ಕಿವಿಗಲ್ಲ, ಬೀದಿಯ ಸೌಂಡ್ ರಾಯರ ಕಿವಿಗೆ. ಮೈಸೂರಿನ ಯಾವ ಬಡಾವಣೆಗೆ ಹೋದರೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ನಿವೃತ್ತರು; ಪೇಪರು ಮುಗಿಸಿ, ಎರಡನೇ ಕಾಫಿ ಮುಗಿಸಿ, ಗೇಟಿಗೆ ಒರಗಿ ನಿಂತವರು. ನಮ್ಮ ಬೀದಿಯ ರಾಯರು ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿದ್ದವರು. ಜನ್ಮದಲ್ಲಿ ಸ್ಪ್ಯಾನರ್ ಮುಟ್ಟಿದವರಲ್ಲ, ಸ್ಟೀರಿಂಗ್ ಹಿಡಿದವರಲ್ಲ. ಆದರೆ ಸಾಹೇಬರ ಪಕ್ಕ ಫೈಲು ತಬ್ಬಿಕೊಂಡು, ಇಲಾಖೆಯ ಬಿಳಿ ಅಂಬಾಸಡರ್‌ನ ಹಿಂದಿನ ಸೀಟಿನಲ್ಲಿ ಹಾಸನ, ಮಡಿಕೇರಿ, ಚಾಮರಾಜನಗರ ಎಲ್ಲ ಸುತ್ತಿದವರು. ಆ ಸೀಟಿನ ಕೆಳಗೇ ಪಟ್ಟಾ ಸ್ಪ್ರಿಂಗು, ಆಕ್ಸೆಲ್. ವಿದ್ಯೆ ತಮಗೆ ಕೆಳಗಿನಿಂದಲೇ ಏರಿತು ಎಂದು ಅವರೇ ಹೇಳಿಕೊಳ್ಳುತ್ತಾರೆ.

ರಾಯರ ಖಾಯಂ ಪೇಷೆಂಟು ಎದುರುಮನೆ ಮೇಷ್ಟ್ರ ಮಾರುತಿ 800. 1983ರ ಡಿಸೆಂಬರಿನಲ್ಲಿ ಇಂದಿರಾ ಗಾಂಧಿಯವರು ಮೊದಲ ಗಿರಾಕಿಗೆ ಕೀ ಕೊಟ್ಟ ಕಾರು, 2014ರಲ್ಲಿ ತಯಾರಿಕೆಯೇ ನಿಂತ ಕಾರು. ಮೇಷ್ಟ್ರದು ಈ ಎರಡರ ನಡುವಿನದು. 15 ವರ್ಷ ತುಂಬಿದಾಗ ಆರ್‌ಟಿಓ ಕಚೇರಿಗೆ ಹೋಗಿ ಇನ್ನೈದು ವರ್ಷದ ಆಯುಸ್ಸು ಬರೆಸಿಕೊಂಡು ಬಂದಿದೆ. 796 ಸಿಸಿ, ಮೂರೇ ಸಿಲಿಂಡರು. ನಾಲ್ಕು ಸಿಲಿಂಡರ್ ಇದ್ದರೆ ಒಂದು ತುದಿಯ ಕುಣಿತವನ್ನು ಇನ್ನೊಂದು ತುದಿ ಅಷ್ಟಿಷ್ಟು ತಡೆಯುತ್ತದೆ. ಮೂರಕ್ಕೆ ಆ ಭಾಗ್ಯವಿಲ್ಲ. ಹಾಗಾಗಿ ಕಾರು ನಿಂತಲ್ಲೇ ಸಣ್ಣಗೆ ನಡುಗುತ್ತದೆ, ಸಡಿಲಾದದ್ದೆಲ್ಲ ದನಿಗೂಡಿಸುತ್ತದೆ.

"ಮೇಷ್ಟ್ರೇ, ನಿಲ್ಲಿಸಿ! ಅಡಿಯಲ್ಲಿ ಏನೋ ಮಾತಾಡ್ತಾ ಇದೆ."

ಮೇಷ್ಟ್ರು ಮನೆಯವರನ್ನು ಕರೆದುಕೊಂಡು ಮದುವೆಗೆ ಹೊರಟವರು. ಮುಹೂರ್ತದ ವಿಷಯ ಎತ್ತುವಷ್ಟರಲ್ಲಿ ರಾಯರು ಮುಂದಿನ ಬಾಗಿಲು ತೆಗೆದು ಕೂತಾಗಿತ್ತು. ವಿಚಾರಣೆ ಶುರು. ಯಾವತ್ತಿನಿಂದ? ಎಡಕ್ಕೋ ಬಲಕ್ಕೋ? ಇಂಜಿನ್ ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ? ಬ್ರೇಕ್ ಒತ್ತಿದರೆ ನಿಲ್ಲುತ್ತೋ, ಹೆಚ್ಚುತ್ತೋ? ರೇಡಿಯೋ ಬಂದ್, ಫ್ಯಾನ್ ಬಂದ್, ಗಾಜು ಕೆಳಗೆ. ಹಿಂದೆ ತಿರುಗಿ, "ಅಮ್ಮಾ, ತಪ್ಪು ತಿಳೀಬೇಡಿ, ಆ ಬಳೆ ಒಂದು ಸ್ವಲ್ಪ ಗಟ್ಟಿಯಾಗಿ ಹಿಡ್ಕೊಳಿ." ಇಷ್ಟಾದ ಮೇಲೆ ಡಿಕ್ಕಿ ತೆರೆಸಿದರು. ಕೊಂಡಿ ಕಳಚಿದ ಜಾಕಿ, ಅದರ ರಾಡು, ಅರ್ಧ ತುಂಬಿದ ನೀರಿನ ಕ್ಯಾನು, ನಂಜನಗೂಡಿನಿಂದ ಪ್ರಸಾದವಾಗಿ ಬಂದು ಅಲ್ಲೇ ಉಳಿದಿದ್ದ ತೆಂಗಿನಕಾಯಿ. ಎಲ್ಲವೂ ಫುಟ್‌ಪಾತಿಗೆ ಇಳಿದವು. "ಅರ್ಧ ಸದ್ದು ಡಿಕ್ಕೀಲೇ ಇರುತ್ತೆ, ಮೇಷ್ಟ್ರೇ. ಜನ ಸುಮ್ಮನೆ ಗ್ಯಾರೇಜಿಗೆ ದುಡ್ಡು ಸುರೀತಾರೆ."

ಅದು ನಿಜವೇ. ರಾಯರ ವಿಧಾನದಲ್ಲಿ ಹುಳುಕು ಹುಡುಕುವುದು ಕಷ್ಟ. ಶಾಲೆಯ ಉದ್ದನೆಯ ಕಾಂಪೌಂಡಿನ ಪಕ್ಕದಲ್ಲೇ, ಒಂದು ಮೊಳ ಬಿಟ್ಟು, ಎರಡನೇ ಗೇರಿನಲ್ಲಿ ಕಾರು ಓಡಿಸಬೇಕು. ಅಡಿಯ ಸದ್ದು ಗೋಡೆಗೆ ಬಡಿದು ಕಿಟಕಿಯೊಳಗೆ ವಾಪಸು ಬರುತ್ತದೆ. ಬಳಿಕ ಕಾರು ತಿರುಗಿಸಿ, ಆ ಗೋಡೆ ಇನ್ನೊಂದು ಬದಿಗೆ ಬರುವಂತೆ ಮತ್ತೆ ಓಡಿಸಬೇಕು. ಎಡಗಡೆಯದೋ ಬಲಗಡೆಯದೋ ತಾನೇ ತಿಳಿಯುತ್ತದೆ. ಕೇಳುವಾಗ ರಾಯರು ಕಣ್ಣು ಮುಚ್ಚುತ್ತಾರೆ. ಬಲಗೈ ತೊಡೆಯ ಮೇಲೆ ತಾಳ ಹಾಕುತ್ತಿರುತ್ತದೆ.

ಲಕ್ಷಣಗಳ ಪಟ್ಟಿಯೂ ಅವರಿಗೆ ಬಾಯಿಪಾಠ. ಹಂಪ್ ಹತ್ತಿಳಿಯುವಾಗ ಮಾತ್ರ 'ಲೊಡಕ್' ಅಂದರೆ ಲೋಯರ್ ಆರ್ಮಿನ ಬುಷ್ಷೋ, ಸ್ಟೆಬಿಲೈಸರ್ ಬಾರಿನ ಬುಷ್ಷೋ ಸವೆದಿದೆ. ಸ್ಟೀರಿಂಗನ್ನು ಕೊನೆಮುಟ್ಟ ತಿರುಗಿಸಿ ಹೊರಳುವಾಗ 'ಕಟ್ ಕಟ್ ಕಟ್' ಅಂದರೆ ಚಕ್ರದ ಪಕ್ಕದ ಆಕ್ಸೆಲ್ ಜಾಯಿಂಟು: ರಬ್ಬರ್ ಬೂಟು ಹರಿದು, ಗ್ರೀಸು ಆಚೆ ಚೆಲ್ಲಿ, ಮಣ್ಣು ಒಳಗೆ ಸೇರಿದೆ. ವೇಗದ ಜೊತೆಗೇ 'ಗುಂಯ್' ಏರುತ್ತಾ, ತಿರುವಿನಲ್ಲಿ ಒಂದು ಕಡೆಗೆ ಭಾರ ಬಿದ್ದಾಗ ಜೋರಾದರೆ ವೀಲ್ ಬೇರಿಂಗು. ನಿಂತಾಗ 'ಝರ್ರ್' ಅಂದು, ಆಕ್ಸಿಲರೇಟರ್ ಒತ್ತಿದೊಡನೆ ಮಾಯವಾದರೆ ಸೈಲೆನ್ಸರ್ ನೇತುಹಾಕಿದ ರಬ್ಬರು, ಇಲ್ಲವೇ ಶಾಖ ತಡೆಯಲೆಂದು ಬಡಿದ ತಗಡು.

ಎಲ್ಲ ಸರಿ. ಎಡವಟ್ಟಾಗುವುದು ತೀರ್ಪಿನ ಹೊತ್ತಿಗೆ. ಅಲ್ಲಿ ಹಳೇ ಅಂಬಾಸಡರ್ ಎದ್ದು ಕೂರುತ್ತದೆ. ಅದರ ಇಂಜಿನ್ ಮುಂದೆ, ಎಳೆತ ಹಿಂದಿನ ಚಕ್ರಕ್ಕೆ. ನಡುವೆ ಉದ್ದನೆಯ ಶಾಫ್ಟು, ಅದರ ತುದಿಗಳಲ್ಲಿ ಕ್ರಾಸ್ ಎಂಬ ಕೀಲು. ಅದು ಸವೆದರೆ ಗೇರ್ ಹಾಕಿದಾಗೆಲ್ಲ 'ಟಣಕ್'. ಮಡಿಕೇರಿ ಘಾಟಿಯಲ್ಲೊಮ್ಮೆ ಈ ಕ್ರಾಸ್ ಕೈಕೊಟ್ಟು, ಸಾಹೇಬರೂ ರಾಯರೂ ಮಳೆಯಲ್ಲಿ ಲಾರಿ ಹತ್ತಿದ್ದರಂತೆ. ಅವತ್ತಿನಿಂದ ಅವರಿಗೆ ಲೋಕದ ಸಕಲ ಸದ್ದಿಗೂ ಮೂಲ ಒಂದೇ.

"ಮೇಷ್ಟ್ರೇ, ಸಂಶಯವೇ ಬೇಡ. ಕ್ರಾಸ್ ಹೋಗಿದೆ."

"ರಾಯರೇ, ಇದು ಮುಂದಿನ ಚಕ್ರ ಎಳೆಯೋ ಗಾಡಿ. ಇದರಲ್ಲಿ ಕ್ರಾಸೇ ಇಲ್ಲ."

"ಅದಕ್ಕೇ ಹೇಳಿದ್ದು, ಹೋಗಿದೆ ಅಂತ!"

ಅಷ್ಟರಲ್ಲಿ ಕಾರಿನ ಸುತ್ತ ಸಣ್ಣದೊಂದು ಸಭೆ ಸೇರಿತ್ತು. ಪ್ರತಿಯೊಬ್ಬರೂ ಹೇಳಿದ್ದು ತಾವು ಹಿಂದೆ ದುಡ್ಡು ಕಟ್ಟಿದ ರೋಗವನ್ನೇ. ಶಾಕಬ್ಸರ್ ಬದಲಾಯಿಸಿದವರಿಗೆ ಅದು ಶಾಕಬ್ಸರ್. ಕ್ಲಚ್ ಹಾಕಿಸಿದವರಿಗೆ ಕ್ಲಚ್. ನಿವೃತ್ತ ಬಸ್ ಡ್ರೈವರೊಬ್ಬರು ಮಾತ್ರ ಟೈರು ಒದ್ದು ನೋಡಿ, "ಓಡ್ತಾ ಇದೆಯಲ್ಲ ಸ್ವಾಮಿ, ಓಡಲಿ" ಎಂದು ಮನೆಗೆ ಹೋದರು. ಮೇಷ್ಟ್ರ ಮನೆಯವರು ಆಟೋ ಹಿಡಿದು ಮದುವೆಗೆ ಹೋದರು.

ಗ್ಯಾರೇಜಿಗೂ ರಾಯರು ಜೊತೆಗೇ ಬಂದರು. ಅಲ್ಲಿನ ಭಾಯ್ ಕಡಿಮೆ ಮಾತಿನ ಮನುಷ್ಯ. ಇಂಜಿನ್ ಚಾಲೂ ಇಟ್ಟು, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅಲ್ಲಲ್ಲಿ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡರು. ಆಮೇಲೆ ಕಾರನ್ನು ಎತ್ತಿಸಿ, ಎಡ ಮುಂಚಕ್ರದ ಹಿಂದೆ ಕಬ್ಬಿಣದ ರಾಡು ತೂರಿಸಿ, ಲೋಯರ್ ಆರ್ಮನ್ನು ಒಮ್ಮೆ ಮೀಟಿದರು. 'ಲೊಡಕ್!' ಬುಷ್ಷಿನ ರಬ್ಬರು ಒಣಗಿ ಬಿರಿದು, ಒಂದು ಚೂರು ಕಳಚಿ ಭಾಯ್ ಅಂಗೈಗೇ ಬಿತ್ತು.

"ನಾನು ಆಗಲೇ ಹೇಳಲಿಲ್ವೇ, ಅಡಿಯಲ್ಲೇ ಇದೆ ಅಂತ?" ಎಂದರು ರಾಯರು.

ಅವರು ಟೀ ಹೇಳಲು ಆಚೆ ಹೋದಾಗ ಮೇಷ್ಟ್ರು, "ಇವರು ಬಂದರೆ ನಿಮಗೆ ತೊಂದರೆ ಆಗಲ್ವಾ ಭಾಯ್?" ಎಂದು ಕೇಳಿದರು.

"ಏನೂ ಇಲ್ಲ ಸಾರ್. ರಾಯರು ಹೇಳಿದ ಜಾಗ ಒಂದು ಬಿಟ್ಟು ಬಾಕಿ ಕಡೆ ನೋಡ್ತೀನಿ. ಟೈಮ್ ಉಳಿಯುತ್ತೆ."

ಬುಷ್ಷು ಬದಲಾಯಿತು, ಲೊಡಕ್ ನಿಂತಿತು. ಮಾರನೇ ಬೆಳಿಗ್ಗೆ ಗೇಟಿನ ಬಳಿ ರಾಯರ ಕೈ ಮತ್ತೆ ಮೇಲೆದ್ದಿತ್ತು. ಈ ಸಲ ಸೈಲೆನ್ಸರಿನ ರಬ್ಬರು. ದೊಡ್ಡ ಸದ್ದು ಹೋದ ಮೇಲಷ್ಟೇ ಅದರ ಮರೆಯಲ್ಲಿದ್ದ ಸಣ್ಣ ಸದ್ದು ಕೇಳುತ್ತದೆ, ಹಳೇ ಕಾರು ಪೂರ್ತಿ ಸುಮ್ಮನಾಗುವುದೆಂಬುದಿಲ್ಲ. ರಾಯರಿಗೆ ಇದು ಕಚೇರಿಯ ಸೀನಿಯಾರಿಟಿ ಲಿಸ್ಟಿನ ಹಾಗೆ: ಮೇಲಿನವರು ರಿಟೈರಾದರೆ ಕೆಳಗಿನವರಿಗೆ ಬಡ್ತಿ, ಕುರ್ಚಿ ಎಂದೂ ಖಾಲಿ ಬೀಳದು. ಸದ್ದು ಅಡಗಲಿ ಎಂದು ಅವರು ಹಾರೈಸಿದ್ದನ್ನು ಬೀದಿಯಲ್ಲಿ ಯಾರೂ ಕೇಳಿಲ್ಲ. ಅವರಿಗೆ ಬೇಕಾದದ್ದು ಕೇಸು. ಡಿಸ್‌ಪೋಸಲ್ ಬೇರೆ ಸೆಕ್ಷನ್ನಿನ ಕೆಲಸ.

ಹೀಗಿರುವಾಗ ಮೂಲೆಮನೆಗೆ ಎಲೆಕ್ಟ್ರಿಕ್ ಕಾರು ಬಂತು. ಇಂಜಿನ್ ಇಲ್ಲ, ಕ್ಲಚ್ ಇಲ್ಲ, ಸೈಲೆನ್ಸರ್ ಇಲ್ಲವೇ ಇಲ್ಲ. ಕ್ರಾಸ್‌ನ ಮಾತಂತೂ ದೂರ. ರಾಯರು ಮಂಕಾದರು. ಬೆಳಗಿನ ಗೇಟಿನ ಡ್ಯೂಟಿಗೂ ತಡವಾಗಿ ಬರತೊಡಗಿದರು. ಮೂಲೆಮನೆಯ ಹುಡುಗ ಕನಿಕರಪಟ್ಟು, "ಬನ್ನಿ ಅಂಕಲ್, ಒಂದು ರೌಂಡು" ಎಂದು ಹತ್ತಿಸಿಕೊಂಡು ಹೋದ. ಹೋಗುವಾಗ ಸೊರಗಿದ್ದ ಮುಖ ಬರುವಾಗ ಅರಳಿತ್ತು. ಇಂಜಿನ್ನಿನ ಗದ್ದಲವೇ ಇಲ್ಲದ ಮೇಲೆ ಮುಚ್ಚಿಡುವುದಕ್ಕೆ ಏನಿದೆ? ಡ್ಯಾಶ್‌ಬೋರ್ಡಿನ ಕಿರಿಕಿರಿ, ಸೀಟ್ ಬೆಲ್ಟಿನ ಬಕಲಿನ ಟಿಕಟಿಕ, ಟೈರಿನ ಗುಂಯ್, ಎಲ್ಲವೂ ಒಂದೊಂದಾಗಿ, ಸ್ಪಷ್ಟವಾಗಿ!

"ಮಗೂ, ಅಡಿಯಲ್ಲಿ ಸಣ್ಣದಾಗಿ ಏನೋ ಇದೆ. ನಾಳೆ ಶಾಲೆ ಗೋಡೆ ಹತ್ರ ಬಾ."

ಈಗ ಆ ಹುಡುಗ ರಾಯರ ಗೇಟು ಹತ್ತಿರವಾಗುತ್ತಲೇ ಸ್ವಿಚ್ ಒತ್ತಿ ಕಿಟಕಿ ಏರಿಸಿಬಿಡುತ್ತಾನೆ. ಮೊನ್ನೆ ಗಾಜು ಪೂರ್ತಿ ಮೇಲೆ ಹೋಗುವಷ್ಟರಲ್ಲಿ ರಾಯರು ಎರಡು ಬೆರಳು ಸಂದಿಗೆ ತೂರಿಸಿದರು.

"ಒಂದು ನಿಮಿಷ ನಿಲ್ಲಿಸು. ಈ ಗಾಜು ಏರುವಾಗ 'ಕುಂಯ್' ಅಂತಿದೆಯಲ್ಲ, ಇದು ಯಾವತ್ತಿನಿಂದ?"