ಬೆಂಗಳೂರಲ್ಲಿ ಸರಿಯಾಗೇ ಬರ್ತಿತ್ತಂತೆ

ಹೊಸ ಅಗ್ರಹಾರದಿಂದ ಬಸ್ಸು ಹತ್ತಿ ಹೋದದ್ದು ಒಂದೇ ಒಂದು ಪ್ರಿಂಟಿಗಾಗಿ. ಕೈಗೆ ಬಂದ ಹಾಳೆಯಲ್ಲಿ ಊರಿನ ಹೆಸರಿರಬೇಕಾದ ಕಡೆ ಸಾಲಾಗಿ ಖಾಲಿ ಚೌಕ. ತಂದೆ ಹೆಸರಿನ ಕಡೆ ಕೊಂಬು, ಬಾಲ ಹುಟ್ಟಿದ ಇಂಗ್ಲಿಷ್ ಅಕ್ಷರ. ಒಂದೇ ಹಾಳೆಗೆ ಎರಡು ರೋಗ. ಯಾವ ಕಚೇರಿ ಅಂತ ಕೇಳಬೇಡಿ.

"ಈ ತಂತ್ರಾಂಶ ಟೆಸ್ಟ್ ಮಾಡೇ ಬಿಟ್ಟಿರೋದು ಯಜಮಾನ್ರೇ. ಬೆಂಗಳೂರಲ್ಲಿ ಸರಿಯಾಗೇ ಬರ್ತಿತ್ತಂತೆ" ಅಂದ ಆಪರೇಟರ್ ಹುಡುಗ.

ಬರದೇ ಏನು? ಫಾಂಟ್ ಹಾಕಿಟ್ಟ ಕಂಪ್ಯೂಟರಿನಲ್ಲೇ ಕೂತು ಫಾಂಟ್ ಬರುತ್ತದೆಯೇ ಎಂದು ನೋಡಿದವರು ಅವರು. ಹೆತ್ತವರನ್ನೇ ಕೇಳಿದರೆ ಹೆಗ್ಗಣವೂ ಮುದ್ದು.

ಒಂದು ಕಾಲಕ್ಕೆ ಇದಕ್ಕೆ ನೆಪವಿತ್ತು. ನುಡಿ, ಬರಹ ತಂತ್ರಾಂಶಗಳ ಹಳೇ ಫಾಂಟುಗಳು ಇಂಗ್ಲಿಷ್ ಅಕ್ಷರದ ಸಂಕೇತಕ್ಕೇ ಕನ್ನಡದ ಗುಡಿಸು, ಒತ್ತುಗಳನ್ನು ಅಂಟಿಸಿದ್ದವು. ಫಾಂಟ್ ಇಲ್ಲದ ಯಂತ್ರಕ್ಕೆ ಹೋದರೆ ವೇಷ ಕಳಚುತ್ತಿತ್ತು. ಆದರೆ ಪ್ರತಿ ಲಿಪಿಗೂ ಅದರದೇ ಸಂಕೇತ ಕೊಡುವ ಯೂನಿಕೋಡಿನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಜೊತೆ ಕನ್ನಡದ ತುಂಗಾ ಫಾಂಟೂ ಬಂತು. ಆ ವರ್ಷ ಹುಟ್ಟಿದ ಮಕ್ಕಳು ಈಗ ಓಟು ಹಾಕುತ್ತಿದ್ದಾರೆ. ನಮ್ಮ ಕಡತ ಇನ್ನೂ ಹಳೇ ಫಾಂಟಿನಲ್ಲೇ ಮಲಗಿದೆ. ನವೆಂಬರ್ ಒಂದರ ಭಾಷಣವೂ ಬಹುಶಃ ಅದರಲ್ಲೇ ಟೈಪಾಗುತ್ತದೆ.

ಈಗ ಪರೀಕ್ಷೆಯನ್ನು ಯಂತ್ರವೇ ಮಾಡುತ್ತದಂತೆ. ರಾತ್ರಿ ಓಡಿಸಿದರೆ ಬೆಳಗ್ಗೆ ಪರದೆ ತುಂಬ ಹಸಿರು. ಅದು ನೋಡುವುದೇನು? ಸಂಕೇತ. ಕಳಿಸಿದ್ದೇ ವಾಪಸ್ ಬಂದರೆ ಪಾಸ್. ಒತ್ತಕ್ಷರ ಜಾರಿ ಪಕ್ಕಕ್ಕೆ ಬಿದ್ದಿದ್ದರೂ ಪಾಸ್. ಪ್ರಿಂಟರಿನಲ್ಲಿ ಚೌಕ ಬಂದರೂ ಪಾಸ್. ಕನ್ನಡ ಓದಬಲ್ಲ ಎರಡು ಕಣ್ಣು ಬೇಕಿತ್ತು. ಕಣ್ಣಿಗೆ ಟೆಂಡರ್ ಕರೆಯುವುದಿಲ್ಲ.

ಇದರ ಉಲ್ಟಾನೂ ಉಂಟು: ಓದುವವನಿಗೆ ಒಂದೇ, ಯಂತ್ರಕ್ಕೆ ಬೇರೆ ಬೇರೆ. ರಾಜ್‌ಕುಮಾರ್ ಎಂದು ಬಿಡಿಸಿ ಬರೆಯಲು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಹಾಕಬೇಕು. ಬಿಟ್ಟರೆ ರಾಜ್ಕುಮಾರ್, ಕಕಾರ ಒತ್ತಾಗಿ ಕೆಳಗಿಳಿಯುತ್ತದೆ. 'ಕೊ' ಇದೆಯಲ್ಲ, ಅದರ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವಕ್ಕೆ ಕೊಂಬಿನ ದೀರ್ಘ ಸೇರಿಸಿಯೂ ಇಡಬಹುದು. ನೋಡಲು ಒಂದೇ. ಎರಡೂ ಸಮ ಎಂದು ಯೂನಿಕೋಡೇ ಹೇಳಿದೆ. ಅದನ್ನು ಓದದವರು ಬರೆದ ತಂತ್ರಾಂಶಕ್ಕೆ ಮಾತ್ರ ಬೇರೆ ಬೇರೆ.

ನಮ್ಮ ಪಕ್ಕದ ಗದ್ದೆಯವನಿಗೆ ಅಣ್ಣಾವ್ರ ಹೆಸರೇ, ರಾಜ್‌ಕುಮಾರ್. ಆ ಕಾಣದ ಸಂಕೇತ ಇದ್ದ ದಾಖಲೆಯಲ್ಲಿ ಒಬ್ಬ, ಇಲ್ಲದ್ದರಲ್ಲಿ ಮತ್ತೊಬ್ಬ. ಇಬ್ಬರೂ ತಾನೇ ಎಂದು ಅಫಿಡವಿಟ್ ಮಾಡಿಸಿ ತಂದ. ಅದನ್ನು ಟೈಪ್ ಮಾಡಿದ್ದು ಹಳೇ ಫಾಂಟಿನಲ್ಲಿ.

ನಾನೂ ಬಿಡಲಿಲ್ಲ. ಸಾಹೇಬರನ್ನು ಕೇಳಿದೆ: ಯಾವ ಕಂಪ್ಯೂಟರಲ್ಲಿ ನೋಡಿದ್ರಿ? ಯಾವ ವಿಂಡೋಸ್, ಯಾವ ಪ್ರಿಂಟರ್? ಯಾವತ್ತು? ಯಾರು? ತೋರಿಸಿದರು. ಒಂದು ಹಾಳೆ, ಒಂದು ಸಾಲು: "ಕನ್ನಡ - ಓಕೆ". ತಾರೀಖಿಲ್ಲ. ಸೀಲ್ ಇದೆ.

ಇದೇ ಮೇಜಿನ ಮೇಲೆ ರೈತ ವಂಶವೃಕ್ಷ ಇಡಬೇಕು. ತಾತ ಸತ್ತ ದಿನಾಂಕ ಬೇಕು. ಮೂರು ಜೆರಾಕ್ಸ್, ಒಂದು ಅಸಲು. ತಂತ್ರಾಂಶದ ಅಪ್ಪ ಯಾರು, ಹುಟ್ಟಿದ್ದು ಯಾವತ್ತು ಎಂದು ಯಾರೂ ಕೇಳುವುದಿಲ್ಲ.

"ಅಡ್ಜಸ್ಟ್ ಮಾಡ್ಕೊಳಿ ಯಜಮಾನ್ರೇ" ಎಂದ ಹುಡುಗ. ನನ್ನ ಹಾಳೆ ತೆಗೆದುಕೊಂಡು, ಚೌಕಗಳ ಮೇಲೆ ಬಾಲ್‌ಪೆನ್ನಿನಲ್ಲಿ 'ಹೊಸ ಅಗ್ರಹಾರ' ಎಂದು ಬರೆದು ಸೀಲ್ ಒತ್ತಿದ. ಅಕ್ಷರ ಮುದ್ದಾಗಿತ್ತು.